ಕಣಜ ಒಂದೇ, ಕೈ ಮೂವತ್ತೆರಡು

ಬಿಳೇಕಹಳ್ಳಿಯ ಟೀ ಅಂಗಡಿ ಮುಂದೆ ಕೊರಳಿಗೆ ಐಡಿ ಕಾರ್ಡ್ ಹಾಕ್ಕೊಂಡು ನಿಂತವರನ್ನ ಕೇಳಿ ನೋಡಿ. ಮೇನ್‌ಫ್ರೇಮ್ ಅಂದ್ರೆ "ಅಯ್ಯೋ, ಅದಿನ್ನೂ ಇದೆಯಾ?" ಅಂತ ನಗ್ತಾರೆ. ಇದೆ ಸ್ವಾಮಿ. ನಗೋ ಮುಂಚೆ ಅದರ ಡೇಟಾಬೇಸ್ ಹೇಗೆ ಕಟ್ಟಿದಾರೆ ಅಂತ ಸ್ವಲ್ಪ ನೋಡಿ.

ಐಬಿಎಂನ ಡಿಬಿ2 ತಗೊಳ್ಳಿ. ಹೆಸರು ಒಂದೇ, ಒಳಗಿನ ಸಂಸಾರ ಬೇರೆ. ಲಿನಕ್ಸ್‌ನಲ್ಲಿ ಒಂದು ಸರ್ವರ್ ಸಾಲದಿದ್ದರೆ ಡೇಟಾ ಪಾರ್ಟಿಷನ್ ಮಾಡೋದು ರೂಢಿ. ನಮ್ಮೂರಲ್ಲಿ ಅಣ್ಣತಮ್ಮಂದಿರು ಪಾಲಾದ ಹಾಗೆ: ಅವನ ಡಿಸ್ಕ್ ಅವನಿಗೆ, ಇವನ ಮೆಮೊರಿ ಇವನಿಗೆ. ಒಬ್ಬನ ಪಾಲಿನ ಖಾತೆಯಿಂದ ಇನ್ನೊಬ್ಬನ ಪಾಲಿನ ಖಾತೆಗೆ ನೂರು ರೂಪಾಯಿ ಹೋಗಬೇಕಂದ್ರೆ ಇಬ್ಬರನ್ನೂ ಕೂರಿಸಿ ಒಪ್ಪಿಸಬೇಕು. ಅದೇ ಟೂ-ಫೇಸ್ ಕಮಿಟ್. ಹೊಸ ಸರ್ವರ್ ಬಂದರೆ ಮತ್ತೆ ಹಿಸ್ಸೆ.

ಮೇನ್‌ಫ್ರೇಮ್ ಒಟ್ಟು ಕುಟುಂಬ. ಒಂದು ಗುಂಪಿನಲ್ಲಿ 32 ಡಿಬಿ2ಗಳವರೆಗೆ ಒಂದೇ ಕಣಜಕ್ಕೆ ಕೈ ಹಾಕಬಹುದು. ಯಾರು ಎಲ್ಲಿ ಬೀಗ ಹಾಕಿದ್ದಾರೆ, ಯಾರ ಹತ್ತಿರದ ಪ್ರತಿ ಹಳತಾಯ್ತು ಅನ್ನೋದನ್ನ ಕಪ್ಲಿಂಗ್ ಫೆಸಿಲಿಟಿ ಅನ್ನೋ ಯಜಮಾನ ನೋಡ್ಕೊಳ್ತಾನೆ. ಒಂದು ಮಲಗಿದರೆ ಉಳಿದವು ಕೆಲಸ ಸಾಗಿಸ್ತವೆ.

ಇದು 1995ರ ಡೇಟಾ ಶೇರಿಂಗ್. 2009ರಲ್ಲಿ ಐಬಿಎಂ ಇದೇ ಉಪಾಯವನ್ನ ಪ್ಯೂರ್‌ಸ್ಕೇಲ್ ಅಂತ ಮೇನ್‌ಫ್ರೇಮ್ ಆಚೆಗೂ ತಂತು. ಅಜ್ಜನ ಅಂಗಿಗೆ ಹೊಸ ಗುಂಡಿ!

ದುಬಾರಿ, ನಿಜ. ಕೋಟ್ಯಂತರ ಸಾಲು ಜಾಲಾಡೋ ರಿಪೋರ್ಟ್‌ಗಳಿಗೆ ಪಾಲು ಮಾಡೋದೇ ವಾಸಿ, ಅದೂ ನಿಜ. ಆದರೆ ಹಣದ ಲೆಕ್ಕವನ್ನ "ಶಾರ್ಡ್ ಮಾಡಿಬಿಡೋಣ" ಅನ್ನೋರು ಒಂದು ಮಾತು ಕೇಳಿ. ಯಜಮಾನ ಮಾಡ್ತಿದ್ದ ಕೆಲಸವೆಲ್ಲ ನಿಮ್ಮ ಕೋಡ್ ತಲೆಗೆ ಬೀಳುತ್ತೆ. ಅದು ಕೆಟ್ಟಾಗ ರಾತ್ರಿ ಎರಡು ಗಂಟೆಗೆ ಎದ್ದು ಕೂರೋನು ನಿಮ್ಮ ಟೀಮಿನ ಹುಡುಗ, ಪಿಪಿಟಿ ತೋರಿಸಿ ಹೋದ ಕನ್ಸಲ್ಟೆಂಟ್ ಅಲ್ಲ.