ಮಗ್ಗದ ಮನೆಯ ಮಕ್ಕಳಿಗೆ ವಿನ್ಯಾಸದ ಪಾಠ ಯಾಕಿಲ್ಲ?

ಕೆಲವು ವರ್ಷಗಳ ಹಿಂದೆ ಪಟ್ಟಣವೊಂದರಲ್ಲಿ ವಿದ್ಯಾರ್ಥಿವೇತನಕ್ಕಾಗಿ ಸಂದರ್ಶನ ನಡೆಯುತ್ತಿತ್ತು. ಅರ್ಜಿಗಳನ್ನು ಓದಿ ಹೇಳುವ ಕೆಲಸಕ್ಕೆ ನನ್ನನ್ನು ಕೂರಿಸಿದ್ದರು. ವೈದ್ಯಕೀಯ, ಇಂಜಿನಿಯರಿಂಗ್, ಫಾರ್ಮಸಿ ಎಂದು ಒಂದರ ಹಿಂದೆ ಒಂದರಂತೆ ಅರ್ಜಿಗಳು ಮಂಜೂರಾಗುತ್ತಿದ್ದುವು. ನಡುವೆ ಓರ್ವ ವಿದ್ಯಾರ್ಥಿನಿಯ ಅರ್ಜಿ ಬಂತು. ತಂದೆ ಟೈಲರ್. ಮಗಳು ಜವಳಿ ವಿನ್ಯಾಸ ಕಲಿಯಲು ನೆರವು ಕೇಳಿದ್ದಳು. ‘ಬಟ್ಟೆ ಹೊಲಿಯಲು ಡಿಗ್ರಿ ಯಾಕಮ್ಮಾ, ತಂದೆಯೇ ಕಲಿಸಬಹುದಲ್ಲ?’ ಎಂದು ಹಿರಿಯರೊಬ್ಬರು ಪ್ರಶ್ನಿಸಿದರು. ಎಲ್ಲರೂ ನಕ್ಕರು. ಅರ್ಜಿ ಪಕ್ಕದ ರಾಶಿಗೆ ಸೇರಿತು. ಅಂದು ನಾನೂ ಬಾಯಿ ತೆರೆಯಲಿಲ್ಲ.

ಆ ನಗುವಿನಲ್ಲಿ ದುರುದ್ದೇಶವಿರಲಿಲ್ಲ ಎಂಬುದು ನಿಜ. ಆದರೆ ಒಂದು ದೊಡ್ಡ ಅಜ್ಞಾನವಿತ್ತು. ಹೊಲಿಯುವವನಿಗೆ ಸಿಗುವುದು ಕೂಲಿ. ಏನನ್ನು ಹೊಲಿಯಬೇಕು ಎಂದು ನಿರ್ಧರಿಸುವವನಿಗೆ ಸಿಗುವುದು ಬೆಲೆ. ಈ ಎರಡರ ನಡುವಿನ ಅಂತರಕ್ಕೆ ವಿನ್ಯಾಸ ಶಿಕ್ಷಣ ಎಂದು ಹೆಸರು. ಆ ಅಂತರವನ್ನು ದಾಟಲು ಟೈಲರನ ಮಗಳಿಗೆ ಹಣ ಬೇಕಿತ್ತು. ನಾವು ಕೊಟ್ಟದ್ದು ನಗು.

ಅಷ್ಟಕ್ಕೂ, ಈ ದೇಶದಲ್ಲಿ ವಿನ್ಯಾಸ ಶಿಕ್ಷಣಕ್ಕೆ ಹಣವಿಲ್ಲ ಎಂದು ಯಾರಾದರೂ ಹೇಳಲು ಸಾಧ್ಯವೇ? 1961ರಲ್ಲಿ ಅಹ್ಮದಾಬಾದ್‌ನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಯಾಯಿತು. 1986ರಲ್ಲಿ ದಿಲ್ಲಿಯಲ್ಲಿ ರಾಷ್ಟ್ರೀಯ ಫ್ಯಾಶನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್, ಆರಂಭವಾಯಿತು. 1997ರಲ್ಲಿ ಬೆಂಗಳೂರಿಗೂ ಅದು ಬಂತು. 2006ರಲ್ಲಿ ಸಂಸತ್ತು ಪ್ರತ್ಯೇಕ ಕಾಯ್ದೆಯ ಮೂಲಕ ಅದಕ್ಕೆ ಶಾಸನಬದ್ಧ ಸ್ಥಾನ ನೀಡಿತು. ಜವಳಿ ಸಚಿವಾಲಯದ ಅಧೀನದಲ್ಲಿ ಇಂದು ದೇಶದ ಹಲವು ನಗರಗಳಲ್ಲಿ ನಿಫ್ಟ್ ಕ್ಯಾಂಪಸ್‌ಗಳಿವೆ. ಇವೆಲ್ಲವನ್ನೂ ಕಟ್ಟಿದ್ದು ಸಾರ್ವಜನಿಕ ಹಣದಿಂದ. ಆ ಹಣದಲ್ಲಿ ನೇಕಾರನ ಪಾಲೂ ಇದೆ, ಟೈಲರನ ಪಾಲೂ ಇದೆ. ಹಾಗಿದ್ದರೆ ಅವರ ಮಕ್ಕಳು ಅಲ್ಲಿ ಎಷ್ಟರ ಮಟ್ಟಿಗೆ ಕಾಣಸಿಗುತ್ತಾರೆ?

ಅಲ್ಲಿನ ಬಾಗಿಲನ್ನು ಒಮ್ಮೆ ನೋಡಿ. ಪದವಿ ಕೋರ್ಸ್‌ಗೆ ಸೇರಬೇಕಾದರೆ ಸೃಜನಶೀಲತೆಯ ಪರೀಕ್ಷೆ, ಸಾಮಾನ್ಯ ಸಾಮರ್ಥ್ಯದ ಪರೀಕ್ಷೆ, ಆ ಬಳಿಕ ಕೊಟ್ಟ ಸಾಮಗ್ರಿಗಳಿಂದ ಸ್ಥಳದಲ್ಲೇ ಮಾದರಿ ರಚಿಸುವ ಪರೀಕ್ಷೆಯನ್ನು ಎದುರಿಸಬೇಕು. ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಬರುತ್ತವೆ. ಕನ್ನಡ ಮಾಧ್ಯಮದಲ್ಲಿ ಕಲಿತ ಇಳಕಲ್‌ನ ಅಥವಾ ಗುಳೇದಗುಡ್ಡದ ಹುಡುಗಿ ಮೊದಲ ಮೆಟ್ಟಿಲಲ್ಲೇ ಎಡವುತ್ತಾಳೆ. ದಾಟಿದಳೆಂದೇ ಇಟ್ಟುಕೊಳ್ಳಿ. ನಾಲ್ಕು ವರ್ಷಗಳ ಶುಲ್ಕವೇ ಹತ್ತು ಲಕ್ಷ ರೂಪಾಯಿಯನ್ನು ಮೀರುತ್ತದೆ. ಹಾಸ್ಟೆಲ್, ಊಟ, ಬಟ್ಟೆ, ಬಣ್ಣ, ಲ್ಯಾಪ್‌ಟಾಪ್‌ನ ಖರ್ಚು ಬೇರೆ. 2019-20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ 35 ಲಕ್ಷಕ್ಕೂ ಅಧಿಕ ಕೈಮಗ್ಗ ಕೆಲಸಗಾರರಿದ್ದಾರೆ. ಅವರಲ್ಲಿ ಹೆಚ್ಚಿನವರು ಮಹಿಳೆಯರು. ನೇಕಾರ ಕುಟುಂಬಗಳ ಪೈಕಿ ಸುಮಾರು ಮೂರನೇ ಎರಡರಷ್ಟರ ಮಾಸಿಕ ಆದಾಯ 5,000 ರೂಪಾಯಿಗಿಂತಲೂ ಕಡಿಮೆ. ಹತ್ತು ಲಕ್ಷವನ್ನು ಐದು ಸಾವಿರದಿಂದ ಭಾಗಿಸಿ ನೋಡಿ. ಒಂದು ಕುಟುಂಬ ಹದಿನಾರು ವರ್ಷ ಊಟ ಮಾಡದೆ ಉಳಿಸಿದರೂ ಆ ಶುಲ್ಕ ತುಂಬುವುದಿಲ್ಲ.

ಹಾಗಂತ ನೆರವೇ ಇಲ್ಲ ಎಂದಲ್ಲ. ಆದಾಯ ಕಡಿಮೆಯಿರುವ ವಿದ್ಯಾರ್ಥಿಗಳಿಗಾಗಿ ನಿಫ್ಟ್‌ನಲ್ಲಿ ‘ಸಾರ್ಥಕ್’ ಎಂಬ ಸಹಾಯ ಯೋಜನೆಯಿದೆ. ಇತ್ತೀಚಿನ ವರ್ಷಗಳಲ್ಲಿ ಕರಕುಶಲಿಗರು ಮತ್ತು ಅವರ ಮಕ್ಕಳಿಗಾಗಿ ಪ್ರತ್ಯೇಕ ಪ್ರವೇಶ ವಿಭಾಗವನ್ನೂ ಅದು ತೆರೆದಿದೆ. 2021-22ರಿಂದ 2025-26ರ ಅವಧಿಗೆ ರೂಪಿಸಲಾದ ರಾಷ್ಟ್ರೀಯ ಕೈಮಗ್ಗ ಅಭಿವೃದ್ಧಿ ಕಾರ್ಯಕ್ರಮದಲ್ಲಿ, ಮಾನ್ಯತೆ ಪಡೆದ ಜವಳಿ ಸಂಸ್ಥೆಗಳಲ್ಲಿ ಕಲಿಯುವ ಕೈಮಗ್ಗ ಕೆಲಸಗಾರರ ಮಕ್ಕಳಿಗೆ, ಕುಟುಂಬವೊಂದರ ಇಬ್ಬರಿಗೆ ಮೀರದಂತೆ, ವರ್ಷಕ್ಕೆ 2 ಲಕ್ಷ ರೂಪಾಯಿವರೆಗೆ ವಿದ್ಯಾರ್ಥಿವೇತನ ನೀಡಲು ಅವಕಾಶ ಕಲ್ಪಿಸಲಾಗಿತ್ತು. ಕಾಗದದಲ್ಲಿ ಇವೆಲ್ಲ ಸುಂದರವಾಗಿವೆ. ಆದರೆ ನಿಮ್ಮ ಊರಿನ ಎಷ್ಟು ಮನೆಗಳಿಗೆ ಇವುಗಳ ಹೆಸರಾದರೂ ಗೊತ್ತು? ನೀಟ್ ಮತ್ತು ಸಿಇಟಿಯ ಬಗ್ಗೆ ಪ್ರತಿ ವರ್ಷ ಮಾಹಿತಿ ಶಿಬಿರ ಏರ್ಪಡಿಸುವ ನಮ್ಮ ಸಂಘಟನೆಗಳು ಇವುಗಳ ಬಗ್ಗೆ ಒಂದು ಕರಪತ್ರವನ್ನಾದರೂ ಹಂಚಿವೆಯೇ? ಬಾಗಿಲು ಮುಚ್ಚಿದ್ದು ಒಬ್ಬರ ತಪ್ಪಾದರೆ, ತೆರೆದ ಬಾಗಿಲನ್ನು ತೋರಿಸದಿರುವುದು ಇನ್ನೊಬ್ಬರ ತಪ್ಪು.

ಇನ್ನೊಂದು ವಿಪರ್ಯಾಸವೂ ಇದೆ. ನಿಫ್ಟ್‌ನ ವಿದ್ಯಾರ್ಥಿಗಳನ್ನು ಪಠ್ಯದ ಭಾಗವಾಗಿ ಕರಕುಶಲಿಗರ ಊರುಗಳಿಗೆ ಕಳುಹಿಸಲಾಗುತ್ತದೆ. ಅವರು ಅಲ್ಲಿ ಮಗ್ಗ ನೋಡುತ್ತಾರೆ, ಅಚ್ಚು ನೋಡುತ್ತಾರೆ, ಬಣ್ಣದ ತೊಟ್ಟಿ ನೋಡುತ್ತಾರೆ, ಟಿಪ್ಪಣಿ ಮಾಡಿಕೊಳ್ಳುತ್ತಾರೆ. ಇದು ತಪ್ಪಲ್ಲ, ಒಳ್ಳೆಯದೇ. ಆದರೆ ಆ ಟಿಪ್ಪಣಿಗೆ ವಿದ್ಯಾರ್ಥಿಗೆ ಅಂಕ ಸಿಗುತ್ತದೆ, ಮುಂದೆ ಉದ್ಯೋಗ ಸಿಗುತ್ತದೆ. ವಿವರಿಸಿ ಹೇಳಿದ ನೇಕಾರನ ಮಗ ಅದೇ ಮಗ್ಗದ ಗುಂಡಿಯಲ್ಲಿ ಉಳಿಯುತ್ತಾನೆ. ಇನ್ನೊಂದೆಡೆ, ಅಲ್ಪಸಂಖ್ಯಾತರ ಪಾರಂಪರಿಕ ಕಲೆಗಳಿಗಾಗಿ ಕೇಂದ್ರ ಸರಕಾರ 2015ರಲ್ಲಿ ಆರಂಭಿಸಿದ ‘ಉಸ್ತಾದ್’ ಯೋಜನೆಯ ಹೆಸರಿನಲ್ಲೇ ಕರಕುಶಲಿಗನನ್ನು ಗುರು ಎಂದು ಕರೆಯಲಾಯಿತು. ಆದರೆ ವಿನ್ಯಾಸದ ಸಲಹೆ ಕೊಡುವ ಹೊಣೆ ಹೊತ್ತದ್ದು ನಿಫ್ಟ್ ಮತ್ತು ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಂಥ ಸಂಸ್ಥೆಗಳು. ಹೆಸರಿಗೆ ಉಸ್ತಾದ್, ಕೂರುವುದು ಮಾತ್ರ ಶಿಷ್ಯನ ಜಾಗದಲ್ಲಿ. ಪ್ರಶ್ನೆ ಇರುವುದೂ ಇಲ್ಲೇ. ತಲೆಮಾರುಗಳಿಂದ ವಿನ್ಯಾಸ ಮಾಡುತ್ತಾ ಬಂದವನನ್ನು ನಾವು ಯಾಕೆ ಇನ್ನೂ ಕೈಕೆಲಸದವನು ಎಂದೇ ಕರೆಯುತ್ತೇವೆ?

ಬೇರೆ ದಾರಿ ಇದೆಯೇ ಎಂದು ಕೇಳುವವರು ಗುಜರಾತಿನ ಕಛ್‌ನತ್ತ ನೋಡಲಿ. ಅಲ್ಲಿನ ಅಜ್ರಖ್ ಬಟ್ಟೆಗಳನ್ನು ತಯಾರಿಸುವವರು ಖತ್ರಿ ಮುಸ್ಲಿಮರು. ನೀಲಿ, ಮಂಜಿಷ್ಠ, ದಾಳಿಂಬೆ ಸಿಪ್ಪೆ, ಅಳಲೆಕಾಯಿಗಳಿಂದ ಬಣ್ಣ ತೆಗೆದು, ಮರದ ಅಚ್ಚುಗಳಿಂದ ಒತ್ತಿ, ಹತ್ತಾರು ಹಂತಗಳಲ್ಲಿ ತೊಳೆದು ಒಣಗಿಸುವ ಕಲೆಯದು. 2001ರ ಭೂಕಂಪದ ಬಳಿಕ ಧಮಡ್ಕಾ ಗ್ರಾಮದ ನೀರು ಬಣ್ಣಕ್ಕೆ ಒಗ್ಗದಾದಾಗ ಅವರಲ್ಲಿ ಅನೇಕರು ಅಜ್ರಖ್‌ಪುರ ಎಂಬ ಹೊಸ ಊರನ್ನೇ ಕಟ್ಟಿಕೊಂಡರು. ಅವರ ಪೈಕಿ ಇಸ್ಮಾಯಿಲ್ ಮುಹಮ್ಮದ್ ಖತ್ರಿಯವರಿಗೆ ಇಂಗ್ಲೆಂಡಿನ ಡಿ ಮಾಂಟ್‌ಫೋರ್ಟ್ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿತು.

ಇದೇ ಕಛ್‌ನಲ್ಲಿ 2005ರಲ್ಲಿ ಕಲಾ ರಕ್ಷಾ ಟ್ರಸ್ಟ್ ಕರಕುಶಲಿಗರಿಗೆಂದೇ ಒಂದು ವಿನ್ಯಾಸ ಶಾಲೆ ಆರಂಭಿಸಿತು. ಅದರ ಹಿಂದಿದ್ದವರು ಅಮೆರಿಕದಿಂದ ಬಂದು ಅಲ್ಲೇ ನೆಲೆಸಿದ ಜೂಡಿ ಫ್ರೇಟರ್. 2014ರಿಂದ ಅದೇ ಬಗೆಯ ಶಿಕ್ಷಣ ಆದಿಪುರದ ಸೋಮಯ್ಯ ಕಲಾ ವಿದ್ಯಾದಲ್ಲಿ ಮುಂದುವರಿಯಿತು. ಅದರ ಸ್ವರೂಪವನ್ನು ಗಮನಿಸಿ. ಒಂದು ವರ್ಷದ ಕೋರ್ಸ್. ಎರಡೆರಡು ವಾರಗಳ ಆರು ಅಧಿವೇಶನಗಳು. ನಡುವಿನ ತಿಂಗಳುಗಳಲ್ಲಿ ವಿದ್ಯಾರ್ಥಿ ಮನೆಗೆ ಮರಳಿ ತನ್ನ ಮಗ್ಗದಲ್ಲೇ, ತನ್ನ ಬಣ್ಣದ ತೊಟ್ಟಿಯಲ್ಲೇ ಕಲಿತದ್ದನ್ನು ಪ್ರಯೋಗಿಸುತ್ತಾನೆ. ಆದ್ದರಿಂದ ದುಡಿಮೆ ನಿಲ್ಲುವುದಿಲ್ಲ. ಪಾಠ ಸ್ಥಳೀಯ ಭಾಷೆಯಲ್ಲಿ. ದೊಡ್ಡ ಸರ್ಟಿಫಿಕೇಟುಗಳ ಹಂಗಿಲ್ಲ. ಕಲಿಸುವುದು ಬಣ್ಣದ ತತ್ವ, ವಿನ್ಯಾಸದ ಮೂಲಪಾಠ, ಮಾರುಕಟ್ಟೆಯ ಅರಿವು, ತನ್ನದೇ ಸಂಗ್ರಹದ ರಚನೆ, ಕೊನೆಗೆ ಅದನ್ನು ಜನರ ಮುಂದಿಡುವ ಬಗೆ. ನಗರದ ವಿನ್ಯಾಸಕರು ಬಂದು ಪಾಠ ಮಾಡುತ್ತಾರೆ, ಹಿರಿಯ ಕರಕುಶಲಿಗರು ಸಲಹೆಗಾರರಾಗಿ ಕೂರುತ್ತಾರೆ. ಅಲ್ಲಿಗೆ ಹೋದ ಯುವಕ ಬೇರೆಯವರ ವಿನ್ಯಾಸವನ್ನು ಒತ್ತಿಕೊಡುವ ಕೂಲಿಯಾಗಿ ಹೋಗುತ್ತಾನೆ. ತನ್ನ ಬಟ್ಟೆಗೆ ತಾನೇ ಬೆಲೆ ಹೇಳಬಲ್ಲವನಾಗಿ ಮರಳುತ್ತಾನೆ.

ನಿಜವಾಗಿ, ಕಲೆಗೆ ನೀಡುವ ಹಣ ಸದ್ಬಳಕೆಯಾಗುವುದೆಂದರೆ ಇದುವೇ. ಭವ್ಯ ಕಟ್ಟಡವಿಲ್ಲದೆಯೂ, ಕಲಿಯುವವನ ದುಡಿಮೆ, ಭಾಷೆ, ಮನೆಯನ್ನು ಗೌರವಿಸಿದ್ದರಿಂದ ಆ ಶಾಲೆ ನಡೆದಿದೆ. 2024ರಲ್ಲಿ ಕಛ್ ಅಜ್ರಖ್‌ಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಸಂತೋಷದ ವಿಷಯ. ಆದರೆ ಯಂತ್ರದಲ್ಲಿ ಮುದ್ರಿಸಿದ ನಕಲಿ ಅಜ್ರಖ್ ಅಗ್ಗದ ದರಕ್ಕೆ ಸಿಗುವಾಗ, ಅಸಲಿ ಯಾವುದು ಮತ್ತು ಅದು ಯಾಕೆ ದುಬಾರಿ ಎಂದು ಗ್ರಾಹಕನಿಗೆ ತಿಳಿಸಬೇಕಾದದ್ದು ಅದನ್ನು ತಯಾರಿಸಿದವನೇ. ಕಾನೂನು ಹೆಸರನ್ನು ಕಾಪಾಡಬಹುದು. ಮಾತಾಡುವ ಶಕ್ತಿಯನ್ನು ಶಿಕ್ಷಣ ಮಾತ್ರ ಕೊಡಬಲ್ಲುದು.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಒಂದು, ಫ್ಯಾಶನ್ ಎಂಬುದು ನಮಗೆ ತಕ್ಕುದಲ್ಲ ಎಂಬುದು. ಆ ಪದ ಕೇಳಿದೊಡನೆ ಕೆಲವರಿಗೆ ನೆನಪಾಗುವುದು ಬೆಳಕಿನ ವೇದಿಕೆಯ ಮೇಲಿನ ನಡಿಗೆ ಮಾತ್ರ. ಆದರೆ ಶಾಲಾ ಸಮವಸ್ತ್ರದ ನೂಲು, ಆಸ್ಪತ್ರೆಯ ಹೊದಿಕೆ, ನಮ್ಮ ಮನೆಯ ಹೆಣ್ಣುಮಕ್ಕಳು ತೊಡುವ ಬುರ್ಖಾದ ಬಟ್ಟೆ ಮತ್ತು ಕತ್ತರಿಕೆ, ಮಸೀದಿಯ ನೆಲಹಾಸು, ಇವೆಲ್ಲವೂ ಯಾರೋ ಒಬ್ಬರ ವಿನ್ಯಾಸವೇ. ಉಡುವುದು ನಮಗೆ ತಕ್ಕುದು, ಕಲಿಯುವುದು ತಕ್ಕುದಲ್ಲ ಎಂದರೆ ಅದು ಯಾವ ನ್ಯಾಯ? ಇನ್ನೊಂದು, ಇದರಲ್ಲಿ ಉದ್ಯೋಗದ ಖಾತ್ರಿಯಿಲ್ಲ ಎಂಬುದು. ಒಪ್ಪೋಣ. ಆದರೆ ಇಂಜಿನಿಯರಿಂಗ್ ಮುಗಿಸಿ ತಮ್ಮ ಕ್ಷೇತ್ರಕ್ಕೆ ಸಂಬಂಧವೇ ಇಲ್ಲದ ಕೆಲಸ ಮಾಡುತ್ತಿರುವ ಯುವಕರು ನಿಮ್ಮ ಬೀದಿಯಲ್ಲಿಲ್ಲವೇ? ಅವರಿಗೆ ವಿದ್ಯಾರ್ಥಿವೇತನ ಕೊಡುವಾಗ ನಾವು ಖಾತ್ರಿ ಕೇಳಿದ್ದೆವೆಯೇ? ಕೈಯಲ್ಲಿ ಆಗಲೇ ಒಂದು ಕಸುಬಿರುವ ಮನೆಯ ಮಗುವಿಗೆ ಮಾತ್ರ ಈ ಪ್ರಶ್ನೆ ಯಾಕೆ?

ಸರಕಾರ ಮಾಡಬೇಕಾದದ್ದು ಬಹಳಷ್ಟಿದೆ. ಪ್ರವೇಶ ಪರೀಕ್ಷೆ ಕನ್ನಡದಲ್ಲೂ ಇರಬೇಕು. ಇಳಕಲ್, ಮೊಳಕಾಲ್ಮೂರು, ಗುಳೇದಗುಡ್ಡದಂಥ ಊರುಗಳಲ್ಲಿ ಕಛ್ ಮಾದರಿಯ ಅಲ್ಪಾವಧಿ ವಿನ್ಯಾಸ ಶಾಲೆಗಳು ಕನ್ನಡದಲ್ಲಿ ನಡೆಯಬೇಕು. ಕರಕುಶಲಿಗರ ಊರಿಗೆ ಹೋಗುವ ಪ್ರತಿ ವಿದ್ಯಾರ್ಥಿ ತಂಡದೊಂದಿಗೆ ಆ ಊರಿನ ಯುವಕ ಯುವತಿಯರೂ ಕಲಿಯುವವರಾಗಿ ಕೂರುವಂತಾಗಬೇಕು. ಇವುಗಳನ್ನು ಕೇಳುತ್ತಲೇ ಇರೋಣ. ಆದರೆ ಸರಕಾರವನ್ನು ಕೇಳುವವರ ಕೈಯೂ ಸ್ವಚ್ಛವಾಗಿರಬೇಕಲ್ಲವೇ? ನಮ್ಮ ಟ್ರಸ್ಟ್‌ಗಳ ಅರ್ಜಿ ನಮೂನೆಯಲ್ಲಿ ಜವಳಿ ಮತ್ತು ವಸ್ತ್ರ ವಿನ್ಯಾಸಕ್ಕೂ ಒಂದು ಸಾಲು ಸೇರಿಸಲು ಯಾವ ಸಚಿವಾಲಯದ ಅನುಮತಿಯೂ ಬೇಕಾಗಿಲ್ಲ. ಪ್ರವೇಶ ಪರೀಕ್ಷೆಯ ತರಬೇತಿಗೆ, ಬಣ್ಣ ಕಾಗದಕ್ಕೆ, ಮೊದಲ ವರ್ಷದ ಹಾಸ್ಟೆಲ್‌ಗೆ ನೆರವಾಗಲು ಕೋಟಿಗಳೂ ಬೇಕಾಗಿಲ್ಲ.

ಅಂದು ಪಕ್ಕದ ರಾಶಿಗೆ ಸೇರಿದ ಅರ್ಜಿಯ ಹುಡುಗಿ ಈಗ ಎಲ್ಲಿದ್ದಾಳೋ ನನಗೆ ತಿಳಿಯದು. ಮುಂದಿನ ಜೂನ್‌ನಲ್ಲಿ ಅಂಥದ್ದೇ ಇನ್ನೊಂದು ಅರ್ಜಿ ಅಂಥದ್ದೇ ಮೇಜಿಗೆ ಬರಬಹುದು. ಆಗ ಯಾರಾದರೂ ನಕ್ಕರೆ, ಆ ಕೊಠಡಿಯಲ್ಲಿರುವವರಲ್ಲಿ ಒಬ್ಬರಾದರೂ ನಗದೆ ಎದ್ದು ಮಾತಾಡಲಿ. ಅದು ನೀವೇ ಆಗಬಾರದೇಕೆ?