ಮೇಲ್ ಹಾಕಿದರೆ ಮುಗಿಯಿತೇ?

ವೈಟ್‌ಫೀಲ್ಡಿನ ಕಂಪನಿಯೊಂದರ ಮ್ಯಾನೇಜರ್ ಈ ವಾರ ಸಿಕ್ಕಿದ್ದರು. ಹೊಸ ಶಿಫ್ಟು, ಹೊಸ ಸಾಫ್ಟ್‌ವೇರ್, ಹೊಸ ತಂಡ, ಎಲ್ಲವನ್ನೂ ಒಂದೇ ಸಲಕ್ಕೆ ಜಾರಿ ಮಾಡಿದ್ದಾರಂತೆ. ‘ನಮ್ಮ ಜನಕ್ಕೆ ಬದಲಾವಣೆಯೇ ಬೇಡ ಸಾರ್’ ಎಂದು ಗೊಣಗಿದರು. ಮೊದಲೇ ಅವರನ್ನು ಕೇಳಿದ್ದಿರಾ ಎಂದೆ. ‘ಮೇಲ್ ಹಾಕಿದ್ವಲ್ಲ’ ಎಂದರು. ಈ ಉತ್ತರ ಕೇಳಿ ಕೇಳಿ ನನಗೆ ರೋಸಿಹೋಗಿದೆ.

ನರಸಾಪುರವನ್ನು ಇಷ್ಟು ಬೇಗ ಮರೆತೆವೇ? ಹೊಸಕೋಟೆ ದಾಟಿ ಕೋಲಾರದ ದಾರಿ ಹಿಡಿದರೆ ಸಿಗುವ ಊರು. ಅಲ್ಲಿನ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ಸಂಬಳ ಸರಿಯಾಗಿ ಬರಲಿಲ್ಲವೆಂದು ಕೆಲಸಗಾರರು ಸಿಡಿದೆದ್ದರು; ಗಾಜು ಪುಡಿಯಾಯಿತು, ವಾಹನಗಳು ಉರುಳಿದವು. ದೊಂಬಿಯನ್ನು ನಾನು ಒಪ್ಪುವುದಿಲ್ಲ. ಆದರೆ ಅದಕ್ಕೆ ಮುಂಚೆ ಒಳಗೆ ಆಗಿದ್ದೇನು? ಕಾರ್ಖಾನೆಗಳ ಇಲಾಖೆಯ ವರದಿಯೇ ಹೇಳಿತು: ಅಲ್ಪ ಕಾಲದಲ್ಲಿ ಕೆಲಸಗಾರರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು. 8 ಗಂಟೆಯ ಪಾಳಿ 12 ಗಂಟೆಯಾಗಿತ್ತು. ಹಾಜರಿ ವ್ಯವಸ್ಥೆ ಸರಿಯಿರಲಿಲ್ಲ. ಅಷ್ಟು ಜನರನ್ನು ನೋಡಿಕೊಳ್ಳುವ ಶಕ್ತಿ ಎಚ್‌ಆರ್ ವಿಭಾಗಕ್ಕೆ ಇರಲಿಲ್ಲ. ಬಹುಪಾಲು ಮಂದಿ ಗುತ್ತಿಗೆದಾರರ ಮೂಲಕ ಬಂದವರು; ಸಂಬಳ ಕಡಿಮೆ ಬಂದರೆ ಹೊಣೆ ಯಾರದು? ಕೊನೆಗೆ ಆ್ಯಪಲ್ ಲೋಪ ಸರಿಪಡಿಸುವವರೆಗೆ ಹೊಸ ಆರ್ಡರ್ ಕೊಡುವುದಿಲ್ಲ ಎಂದಿತು. ವಿಸ್ಟ್ರಾನ್ ಕ್ಷಮೆ ಕೇಳಿ, ಭಾರತದ ವಹಿವಾಟು ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. 2023ರಲ್ಲಿ ಕಾರ್ಖಾನೆಯೇ ಟಾಟಾ ಕೈಗೆ ಹೋಯಿತು.

ಐಫೋನ್ ಜೋಡಿಸುವುದನ್ನು ಕಲಿತ ಹುಡುಗ ಹುಡುಗಿಯರು ಹೊಸತಕ್ಕೆ ಹೆದರುವವರಲ್ಲ. ದುಡಿದ ದುಡ್ಡು ಬರುತ್ತದೋ ಇಲ್ಲವೋ ಎಂಬುದೇ ಅವರ ಭಯ.

ಇದನ್ನು ನಾನು ವರ್ಷಗಳಿಂದ ಹೇಳುತ್ತಲೇ ಇದ್ದೇನೆ: ಬದಲಾವಣೆಯ ಮಾತು ಸೂಪರ್‌ವೈಸರ್ ಬಾಯಿಂದ, ಕನ್ನಡದಲ್ಲಿ, ಸಂಬಳದ ಲೆಕ್ಕದೊಂದಿಗೆ ಬರಬೇಕು. ಪೀಣ್ಯದಲ್ಲಿ ನನಗೆ ಗೊತ್ತಿರುವ ಸಣ್ಣ ಶೆಡ್ಡೊಂದರ ಮಾಲೀಕರು ಸಿಎನ್‌ಸಿ ಯಂತ್ರ ಕೊಳ್ಳುವ ಮೊದಲು, ಲೇತ್ ಮೇಲೆ ಕೈ ಪಳಗಿಸಿದ ಹಿರಿಯ ಟರ್ನರ್ ಒಬ್ಬರನ್ನು ಜೊತೆಗೆ ಕರೆದೊಯ್ದು ಯಂತ್ರ ತೋರಿಸಿದರು. ಟರ್ನರ್ ಮೊದಲು ಕೇಳಿದ್ದು, ‘ಇದನ್ನ ಕಲಿಯೋವರೆಗೂ ನನ್ನ ಓಟಿ ಕಥೆ ಏನು ಸಾರ್?’ ಕಲಿಯುವಷ್ಟು ಕಾಲ ಹಳೆಯ ಸಂಪಾದನೆಗೆ ಮೋಸವಿಲ್ಲ ಎಂದು ಮಾಲೀಕರು ಬರೆದುಕೊಟ್ಟರು. ಉಳಿದವರಿಗೆಲ್ಲ ಆ ಯಂತ್ರ ಕಲಿಸಿದ್ದು ಅದೇ ಟರ್ನರ್. ಕನ್ಸಲ್ಟೆಂಟ್ ಬರಲಿಲ್ಲ, ಪವರ್‌ಪಾಯಿಂಟ್ ಓಡಲಿಲ್ಲ.

ದೊಡ್ಡ ಕಂಪನಿಗಳಿಗೆ ನನ್ನದೊಂದೇ ಸಲಹೆ. ಹೊಸ ಪದ್ಧತಿ ಬಂದ ಮೊದಲ ತಿಂಗಳು ಕೆಲಸಗಾರನ ಸಂಬಳದಲ್ಲಿ ಒಂದು ರೂಪಾಯಿ ಕಡಿಮೆಯಾದರೂ, ಆ ಪದ್ಧತಿ ಜಾರಿ ಮಾಡಿದ ಸಾಹೇಬರ ಸಂಬಳವನ್ನೂ ತಡೆಹಿಡಿಯಿರಿ. ಹಾಜರಿ ಯಂತ್ರ ಮರುದಿನವೇ ರಿಪೇರಿಯಾಗುತ್ತದೆ.