ಕುಣಿದವರು ನಾವು, ಹಾಡು ಯಾರದ್ದು?

ಹೆಬ್ಬಾಳದಲ್ಲಿ 1960ರ ದಶಕವನ್ನು ಹುಡುಕುವುದು ಸುಲಭವಲ್ಲ. ಕ್ಯಾಮೆರಾ ಎಡಕ್ಕೆ ತಿರುಗಿಸಿದರೆ ಮೇಲ್ಸೇತುವೆ, ಬಲಕ್ಕೆ ತಿರುಗಿಸಿದರೆ ಅಪಾರ್ಟ್‌ಮೆಂಟ್, ಮೇಲಕ್ಕೆತ್ತಿದರೆ ವಿಮಾನ. ಕೊನೆಗೆ ಒಂದು ಮರದ ಬುಡದಲ್ಲಿ ನಾಲ್ಕಡಿ ಜಾಗ ಸಿಕ್ಕಿತು. ಅಜ್ಜಿಯ ಸೀರೆ ಉಟ್ಟ ಗೆಳತಿ ಅಲ್ಲೇ ನಿಂತು ಕಣ್ಣಲ್ಲೇ ಅಭಿನಯಿಸಿದಳು. ಬಣ್ಣ ತೆಗೆದು ಕಪ್ಪು–ಬಿಳುಪು ಮಾಡಿದೆವು.

ಕಾಲೇಜು ಹಬ್ಬಕ್ಕೆ ನಾವು ಹನ್ನೊಂದು ಮಂದಿ ಸೇರಿ ಮಾಡಿದ ಆರು ನಿಮಿಷದ ವಿಡಿಯೊ ಅದು. ಕನ್ನಡ ಸಿನಿಮಾದ ಕುಣಿತ ದಶಕದಿಂದ ದಶಕಕ್ಕೆ ಹೇಗೆ ಬದಲಾಯಿತು ಎಂದು ತೋರಿಸುವ ಆಸೆ. ‘ಪ್ರೇಮಲೋಕ’ (1987) ಕಾಲದ ಜಾಕೆಟ್ಟು, ಬೈಕಿಗೆ ಆರ್‌.ಟಿ. ನಗರದ ಗೆಳೆಯನ ಮನೆ ಮುಂದಿನ ರಸ್ತೆ. ‘ಮುಂಗಾರು ಮಳೆ’ (2006) ನೆನಪಿಸುವ ದೃಶ್ಯಕ್ಕೆ ಯಲಹಂಕ. ಟ್ಯಾಂಕರ್ ನೀರು ತರಿಸಲು ದುಡ್ಡೂ ಇರಲಿಲ್ಲ, ಮನಸ್ಸೂ ಬರಲಿಲ್ಲ. ನಿಜವಾದ ಮಳೆಗೆ ಎರಡು ಭಾನುವಾರ ಕಾದೆವು. ಇಂದಿನ ರೀಲ್ಸ್ ಕುಣಿತಕ್ಕೆ ಯಶವಂತಪುರ ಮೆಟ್ರೊ ನಿಲ್ದಾಣದ ಹೊರಗಿನ ರಸ್ತೆ. ಒಳಗೆ ಚಿತ್ರೀಕರಿಸಲು ಅನುಮತಿ ಬೇಕು.

ಮಾಡುತ್ತಾ ಒಂದು ವಿಷಯ ಹೊಳೆಯಿತು. ಹಳೆಯ ದೃಶ್ಯಗಳಲ್ಲಿ ಕ್ಯಾಮೆರಾ ಹೆಚ್ಚಾಗಿ ನಿಂತಲ್ಲೇ ಇರುತ್ತದೆ, ಕುಣಿಯುವವರು ಓಡಾಡುತ್ತಾರೆ. ಈಗ ಮೊಬೈಲ್‌ನ ಉದ್ದನೆಯ ಚೌಕಟ್ಟಿನಲ್ಲಿ ಕಾಲಿಗೆ ಕೆಲಸವೇ ಕಡಿಮೆ, ಕೈ ಮತ್ತು ಮುಖವೇ ಎಲ್ಲ. ಕುಣಿತ ಬದಲಾಗಿದ್ದು ಕಾಲಕ್ಕಿಂತ ಹೆಚ್ಚಾಗಿ ಅದನ್ನು ನೋಡುವ ಪರದೆಯಿಂದ.

ಕಾಲೇಜು ಸಭಾಂಗಣದಲ್ಲಿ ಶಿಳ್ಳೆಯೋ ಶಿಳ್ಳೆ. ಅದೇ ರಾತ್ರಿ ಒಂದು ತಾಣಕ್ಕೆ ಅಪ್‌ಲೋಡ್ ಮಾಡಿದೆವು. ಬೆಳಿಗ್ಗೆ ನೋಡಿದರೆ ವಿಡಿಯೊ ಇದೆ, ದನಿ ಇಲ್ಲ. ಮೂಕಿ ಚಿತ್ರದಲ್ಲಿ ನಾವೆಲ್ಲ ಸುಮ್ಮನೆ ಕೈಕಾಲು ಆಡಿಸುತ್ತಿದ್ದೆವು. ನಮಗೆ ನಗು ಬಂತು, ನೃತ್ಯ ಸಂಯೋಜಿಸಿದ ಗೆಳತಿಗೆ ಬರಲಿಲ್ಲ. ಇಂಟರ್ನ್‌ಶಿಪ್ ಅರ್ಜಿಯಲ್ಲಿ ಅವಳು ಕೊಟ್ಟಿದ್ದು ಅದೇ ಲಿಂಕ್. ಅವಳ ಬಳಿ ತೋರಿಸಲು ಇದ್ದ ಕೆಲಸ ಅದೊಂದೇ.

ನಾವು ದುಡ್ಡು ಮಾಡಲಿಲ್ಲವಲ್ಲ, ತಪ್ಪೇನು ಎಂದು ನನಗೂ ಅನ್ನಿಸಿತ್ತು. 1957ರ ಕೃತಿಸ್ವಾಮ್ಯ ಕಾಯ್ದೆ ಓದಿದ ಮೇಲೆ ಉತ್ತರ ಅಷ್ಟು ಸರಳವಲ್ಲ ಎಂದು ಗೊತ್ತಾಯಿತು. ಶಿಕ್ಷಣ ಸಂಸ್ಥೆಯ ಚಟುವಟಿಕೆಯಲ್ಲಿ ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರು ಮತ್ತು ಸಂಸ್ಥೆಗೆ ಸಂಬಂಧಿಸಿದವರಷ್ಟೇ ಪ್ರೇಕ್ಷಕರಾಗಿದ್ದರೆ ಹಾಡು ಹಾಕಿ ಕುಣಿಯಬಹುದು. 52ನೇ ಕಲಂ ಆ ವಿನಾಯಿತಿ ಕೊಡುತ್ತದೆ. ಆದರೆ ಹಾಡು ಹಾಕುವುದು ಬೇರೆ, ಅದನ್ನು ನಕಲು ಮಾಡಿ ವಿಡಿಯೊಗೆ ಜೋಡಿಸಿ ಜಗತ್ತಿಗೆ ಹಂಚುವುದು ಬೇರೆ. ಕಾಲೇಜು ಗೇಟಿನಾಚೆ ಆ ವಿನಾಯಿತಿ ಬರುವುದಿಲ್ಲ. ನಮ್ಮ ತಲೆಮಾರಿನ ವೇದಿಕೆ ಇರುವುದೇ ಗೇಟಿನಾಚೆ.

ಹಳೆಯ ಹಾಡಾದರೆ ಪರವಾಗಿಲ್ಲ ಎಂಬುದೂ ಅರ್ಧ ಸತ್ಯ. ಸಿನಿಮಾ ಮತ್ತು ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. ಆ ಲೆಕ್ಕದಲ್ಲಿ 1954ರ ‘ಬೇಡರ ಕಣ್ಣಪ್ಪ’ ಚಿತ್ರದ ಅವಧಿ 2014ಕ್ಕೇ ಮುಗಿದಿದೆ. ಆದರೆ ಸಾಹಿತ್ಯ ಮತ್ತು ರಾಗ ಸಂಯೋಜನೆಯ ಹಕ್ಕು ಅವುಗಳ ಕರ್ತೃ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಚಿ. ಉದಯಶಂಕರ್ ತೀರಿಕೊಂಡಿದ್ದು 1993ರಲ್ಲಿ. ಅವರ ಸಾಲುಗಳಿಗೆ 2053ರ ಕೊನೆವರೆಗೆ ಹಕ್ಕಿದೆ. ಅಷ್ಟೊತ್ತಿಗೆ ನನಗೆ ಐವತ್ತು ಹತ್ತಿರವಾಗಿರುತ್ತದೆ. ಒಂದೇ ಹಾಡಿನಲ್ಲಿ ಬರೆದವರು, ರಾಗ ಹಾಕಿದವರು, ಹಾಡಿದವರು, ಧ್ವನಿಮುದ್ರಣದ ಒಡೆಯರು ಹೀಗೆ ಹಲವರಿಗೆ ಪಾಲಿದೆ.

ಇದು ವಿದ್ಯಾರ್ಥಿಗಳ ತಲೆನೋವು ಮಾತ್ರವೂ ಅಲ್ಲ. 2022ರಲ್ಲಿ ಭಾರತ್ ಜೋಡೊ ಯಾತ್ರೆಯ ವಿಡಿಯೊದಲ್ಲಿ ‘ಕೆಜಿಎಫ್ 2’ ಹಾಡು ಬಳಸಿದ್ದಾರೆ ಎಂದು ಎಂಆರ್‌ಟಿ ಮ್ಯೂಸಿಕ್ ದೂರು ಕೊಟ್ಟಿದ್ದು ನಮ್ಮ ಯಶವಂತಪುರ ಠಾಣೆಯಲ್ಲೇ. 2024ರಲ್ಲಿ ‘ಬ್ಯಾಚುಲರ್ ಪಾರ್ಟಿ’ ಸಿನಿಮಾದಲ್ಲಿ ‘ಗಾಳಿಮಾತು’, ‘ನ್ಯಾಯ ಎಲ್ಲಿದೆ’ ಚಿತ್ರಗಳ ಹಾಡು ಬಳಸಿದ ಆರೋಪದ ದೂರು ದಾಖಲಾಗಿದ್ದೂ ಅದೇ ಠಾಣೆಯಲ್ಲಿ. ನಾವು ರೀಲ್ಸ್ ಚಿತ್ರೀಕರಿಸಿದ ಯಶವಂತಪುರವೇ ಕನ್ನಡ ಹಾಡುಗಳ ಜಗಳದ ವಿಳಾಸವೂ ಆಗಿದೆ.

ಕಾಯ್ದೆಯ 63ನೇ ಕಲಂ ಪ್ರಕಾರ ಉಲ್ಲಂಘನೆಗೆ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಇದು ಜಾಮೀನುರಹಿತ ಅಪರಾಧ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಲಾಭಕ್ಕಾಗಿ ಮಾಡಿಲ್ಲದಿದ್ದರೆ ಶಿಕ್ಷೆ ಇಳಿಸುವ ಅವಕಾಶ ನ್ಯಾಯಾಲಯಕ್ಕಿದೆ ಎಂಬುದೇ ಸಮಾಧಾನ.

ಹಾಗೆಂದು ಹಕ್ಕು ಕೇಳುವವರೆಲ್ಲ ಖಳನಾಯಕರಲ್ಲ. ಒಂದಿಷ್ಟು ಹಣ ಪಡೆದು ಹಕ್ಕನ್ನೆಲ್ಲ ಬರೆದುಕೊಟ್ಟು, ಹಾಡು ಗೆದ್ದ ಮೇಲೆ ಬರಿಗೈಯಲ್ಲಿ ಉಳಿದ ಕವಿಗಳು, ಸಂಗೀತಗಾರರು ನಮ್ಮಲ್ಲಿ ಇದ್ದರು. ಅವರ ರಾಯಧನದ ಪಾಲನ್ನು ಬಿಟ್ಟುಕೊಡಲು ಆಗದಂತೆ ಮಾಡಿದ್ದು 2012ರ ತಿದ್ದುಪಡಿ. ನಾಳೆ ನನ್ನ ಗೆಳತಿಯೂ ಅದೇ ಸಾಲಿನಲ್ಲಿ ನಿಲ್ಲುವವಳು. ನೃತ್ಯ ಸಂಯೋಜನೆಗೂ ಈ ಕಾಯ್ದೆಯಲ್ಲಿ ಹಕ್ಕಿದೆ; ಅದನ್ನು ಬರೆದೋ ಬೇರೆ ರೀತಿಯಲ್ಲೋ ದಾಖಲಿಸಿರಬೇಕು ಅಷ್ಟೆ. ಬಿಟ್ಟಿ ಹಾಡು ಬೇಕು ಎಂದು ವಾದಿಸಿದರೆ, ಬಿಟ್ಟಿ ಕುಣಿತಕ್ಕೂ ಒಪ್ಪಿದಂತಾಗುತ್ತದೆ.

ನನ್ನ ತಕರಾರು ಬೇರೆ. ದುಡ್ಡು ಕೊಡುತ್ತೇವೆ ಎಂದರೂ ವಿದ್ಯಾರ್ಥಿಗೆ ಕೌಂಟರ್ ಎಲ್ಲಿದೆ? ಹಾಡು ಯಾರದ್ದು ಎಂದು ಪತ್ತೆ ಮಾಡಲು ನಮಗೆ ವಾರ ಹಿಡಿಯಿತು, ಕಳಿಸಿದ ಮೇಲ್‌ಗಳಿಗೆ ಉತ್ತರ ಬರಲಿಲ್ಲ. ಹಳೆಯ ಹಾಡನ್ನು ಹೊಸದಾಗಿ ಹಾಡಿ ಮುದ್ರಿಸಲು ಕಾಯ್ದೆಯಲ್ಲಿ ದಾರಿ ಇದೆ. ಆದರೆ ಅದು ಧ್ವನಿಗೆ ಮಾತ್ರ, ವಿಡಿಯೊಗೆ ಅಲ್ಲ. ಮೇಲಾಗಿ ಸಾಮಾನ್ಯವಾಗಿ ಕನಿಷ್ಠ 50 ಸಾವಿರ ಪ್ರತಿಗಳ ರಾಯಧನ ಕಟ್ಟಬೇಕು. ಹಾಸ್ಟೆಲ್ ಹುಡುಗರ ಜೇಬಿಗೆ ಇದು ನಿಲುಕುವ ಮಾತಲ್ಲ.

ಪರಿಹಾರ ಕಷ್ಟವೇನಲ್ಲ. ಯೂಟ್ಯೂಬ್‌ನಂಥ ತಾಣಗಳಲ್ಲಿ ತಮ್ಮ ಹಾಡು ಪತ್ತೆಯಾದಾಗ ಒಡೆಯರಿಗೆ ಮೂರು ಆಯ್ಕೆ ಇವೆ: ವಿಡಿಯೊ ತಡೆಯುವುದು, ಜಾಹೀರಾತಿನ ಹಣ ತಾವು ಪಡೆಯುವುದು, ಸುಮ್ಮನೆ ಲೆಕ್ಕ ಇಡುವುದು. ವಿದ್ಯಾರ್ಥಿಗಳ ವಿಡಿಯೊಗೆ ಎರಡನೆಯದನ್ನೇ ಆರಿಸಿಕೊಳ್ಳಲಿ. ಹಣ ಅವರಿಗೆ, ಹೆಸರು ನಮಗೆ. ಕಾಲೇಜಿನ ಪತ್ರ ತೋರಿಸಿದರೆ ನಿಗದಿತ ಸಣ್ಣ ಶುಲ್ಕಕ್ಕೆ ಪರವಾನಗಿ ಕೊಡುವ ಒಂದು ಜಾಲತಾಣವೂ ಬರಲಿ. ಅನಿಮೇಷನ್, ಗೇಮಿಂಗ್ ಉದ್ಯೋಗಗಳಿಗಾಗಿ 2024–29ರ ನೀತಿ ತಂದಿರುವ ರಾಜ್ಯ ಸರ್ಕಾರ ಆಡಿಯೊ ಕಂಪನಿಗಳನ್ನು ಒಂದು ಮೇಜಿಗೆ ಕರೆಯಲಾರದೇ? ಆ ಉದ್ಯೋಗಗಳಿಗೆ ಅರ್ಜಿ ಹಾಕುವವರು ಮೊದಲು ಕೈ ಪಳಗಿಸುವುದು ಇಂಥ ಆರು ನಿಮಿಷಗಳಲ್ಲೇ.

ಅಲ್ಲಿಯವರೆಗೆ ನಮ್ಮ ದಾರಿ ನಾವು ಹುಡುಕಿಕೊಂಡೆವು. ಮೆಕ್ಯಾನಿಕಲ್ ವಿಭಾಗದ ಗೆಳೆಯನೊಬ್ಬ ಕೀಬೋರ್ಡ್ ಹಿಡಿದು ಪ್ರತಿ ದಶಕಕ್ಕೂ ಹೊಸ ರಾಗ ಹಾಕಿದ. ಕುಣಿದ ಹೆಜ್ಜೆಗೆ ತಾಳ ಹೊಂದಿಸುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. 1960ರ ತುಣುಕಿಗೇ ಮೂರು ರಾತ್ರಿ ಹೋಯಿತು. ಹಳೆಯ ಹಾಡಿನ ಮಜಾ ಅದರಲ್ಲಿಲ್ಲ, ಒಪ್ಪುತ್ತೇನೆ. ಆದರೆ ದನಿ ಉಳಿದಿದೆ.

ಈ ಸಲ ಅಪ್‌ಲೋಡ್ ಮಾಡುವ ಮೊದಲು ರಾಗ ಯಾರದ್ದು, ನೃತ್ಯ ಯಾರದ್ದು, ಚಿತ್ರೀಕರಣ ಯಾರದ್ದು ಎಂದು ಒಂದು ಹಾಳೆಯಲ್ಲಿ ಬರೆದು ಹನ್ನೊಂದೂ ಮಂದಿ ಸಹಿ ಹಾಕಿದೆವು. ನೀವೂ ಚಿತ್ರೀಕರಣಕ್ಕೆ ಹೊರಡುವ ಮೊದಲು ಆ ಒಂದು ಹಾಳೆ ಬರೆದಿಡಿ. ಗೆಳತಿ ಹೊಸ ಲಿಂಕ್ ಕಳಿಸಿದ್ದಾಳೆ, ಉತ್ತರಕ್ಕೆ ಕಾಯುತ್ತಿದ್ದಾಳೆ.